ಸಿಸೇರಿಯನ್ ಹೊಲಿಗೆಯಲ್ಲಿ ಕೂತ ಗರ್ಭ: ಸ್ಕ್ಯಾನ್‌ನಲ್ಲಿ ಹಿಡಿಯುವುದು ಹೇಗೆ?

ಹಿಂದೆ ಸಿಸೇರಿಯನ್ ಆದವರು ಮತ್ತೆ ಬಸಿರಾಗಿ ಮೊದಲ ಸ್ಕ್ಯಾನಿಗೆ ಬರುತ್ತಾರೆ. ನಾವು ಏನು ನೋಡುತ್ತೇವೆ? ಗರ್ಭಚೀಲ ಇದೆಯಾ, ಎದೆಬಡಿತ ಬಂದಿದೆಯಾ, ಎಷ್ಟು ವಾರ ಆಯಿತು. ಮೂರಕ್ಕೂ ಉತ್ತರ ಸಿಕ್ಕಿತು ಅಂದರೆ ರಿಪೋರ್ಟ್ ಬರೆದು ಮುಂದಿನವರನ್ನು ಒಳಗೆ ಕರೆಯುತ್ತೇವೆ. ಆದರೆ ಇವರ ವಿಷಯದಲ್ಲಿ ನಾಲ್ಕನೇ ಪ್ರಶ್ನೆಯೊಂದು ಇದೆ. ಆ ಗರ್ಭಚೀಲ ಹಳೆ ಹೊಲಿಗೆಯ ಜಾಗದಲ್ಲಿ ಕೂತಿದೆಯಾ? ಇದನ್ನು ಕೇಳಿಕೊಳ್ಳದೆ ಬರೆದ "ಗರ್ಭಕೋಶದೊಳಗೆ ಒಂದು ಜೀವಂತ ಗರ್ಭ" ಎಂಬ ಸಾಲು ಓದಲು ಸರಿಯಾಗಿಯೇ ಇರುತ್ತದೆ. ತೊಂದರೆ ಗೊತ್ತಾಗುವುದು ಆಮೇಲೆ.

ಈ ಬರಹ ಮುಖ್ಯವಾಗಿ ಸ್ಕ್ಯಾನ್ ಕಲಿಯುತ್ತಿರುವ ವೈದ್ಯರಿಗೆ. ಸಿಸೇರಿಯನ್ ಆಗಿರುವ ಹೆಣ್ಣುಮಕ್ಕಳೂ ಓದಬಹುದು, ಅವರಿಗೆಂದೇ ಕೊನೆಯಲ್ಲಿ ಸ್ವಲ್ಪ ಬರೆದಿದ್ದೇನೆ.

ಮೊದಲು, ಇಲ್ಲಿ ಆಗುತ್ತಿರುವುದೇನು?

ಸಿಸೇರಿಯನ್‌ನಲ್ಲಿ ಗರ್ಭಕೋಶದ ಮುಂಗೋಡೆಯನ್ನು ಕೆಳಭಾಗದಲ್ಲಿ ಕೊಯ್ದು, ಮಗು ತೆಗೆದು, ಹೊಲಿಗೆ ಹಾಕುತ್ತಾರೆ. ಬಹಳ ಮಂದಿಗೆ ಅದು ಚೆನ್ನಾಗಿ ಕೂಡಿಕೊಳ್ಳುತ್ತದೆ. ಕೆಲವರಿಗೆ ಒಳಗಿನಿಂದ ಒಂದು ಸಣ್ಣ ಗುಳಿ ಉಳಿದುಬಿಡುತ್ತದೆ. ಮುಂದಿನ ಬಸಿರಿನಲ್ಲಿ ಭ್ರೂಣ ಆ ಗುಳಿಯಲ್ಲೋ ಹೊಲಿಗೆಯ ಕಲೆಯ ಮೇಲೋ ಬೇರು ಬಿಟ್ಟರೆ ಅದೇ ಸಿಸೇರಿಯನ್ ಕಲೆಯ ಗರ್ಭ.

ಆ ಜಾಗ ಗರ್ಭ ಹಿಡಿಯುವಂಥದ್ದಲ್ಲ. ಗರ್ಭಕೋಶದ ಒಳಪದರ ಅಲ್ಲಿ ಸರಿಯಾಗಿ ಬೆಳೆದಿರುವುದಿಲ್ಲ. ಹಾಗಾಗಿ ಮಾಸು ನೇರವಾಗಿ ಸ್ನಾಯುವಿಗೆ ಇಳಿಯುತ್ತದೆ. ಸ್ನಾಯುವೋ, ಮೊದಲೇ ತೆಳು. ಅದರ ಮುಂದೆ ಮೂತ್ರಕೋಶ ಅಂಟಿಕೊಂಡಿದೆ. ಇನ್ನೂ ಒಂದು ಮಾತು. ಮಾಮೂಲಿ ಜಾಗದಿಂದ ಮಾಸು ಕಳಚಿದಾಗ ಗರ್ಭಕೋಶದ ಸ್ನಾಯು ಬಿಗಿದುಕೊಂಡು ರಕ್ತನಾಳಗಳನ್ನು ಅಮುಕುತ್ತದೆ, ರಕ್ತ ನಿಲ್ಲುತ್ತದೆ. ಕಲೆಯ ಅಂಗಾಂಶಕ್ಕೆ ಹಾಗೆ ಬಿಗಿಯುವ ಶಕ್ತಿ ಇಲ್ಲ. ಇಲ್ಲಿಂದ ರಕ್ತ ಹೋಗಲು ಶುರುವಾದರೆ ನಿಲ್ಲಿಸುವುದು ಕಷ್ಟ.

ವೈದ್ಯಕೀಯ ಬರಹಗಳಲ್ಲಿ ಇಂಥ ಮೊದಲ ಪ್ರಕರಣ ಬಂದದ್ದು 1978ರಲ್ಲಿ. ಲಾರ್ಸನ್ ಮತ್ತು ಸಾಲಮನ್ ಅದನ್ನು ದಕ್ಷಿಣ ಆಫ್ರಿಕಾದ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅದು ಪತ್ತೆಯಾದದ್ದು ಗರ್ಭಪಾತದ ನಂತರ ರಕ್ತಸ್ರಾವ ನಿಲ್ಲದೇ ಹೋದಾಗ. ಆಗಿನಿಂದ ಸಿಸೇರಿಯನ್ ಜಾಸ್ತಿಯಾಗಿವೆ, ಯೋನಿಯೊಳಗಿಂದ ಮಾಡುವ ಒಳ ಸ್ಕ್ಯಾನ್ ಕೂಡ ಬಂದಿದೆ. ಇವತ್ತು ಆಸ್ಪತ್ರೆಗಳ ಲೆಕ್ಕದಲ್ಲಿ ಸುಮಾರು 1,800ರಿಂದ 2,200 ಬಸಿರುಗಳಿಗೆ ಒಂದು ಎನ್ನುತ್ತಾರೆ. ಅಪರೂಪವೇ. ಆದರೆ ದಿನವೂ ಪ್ರೋಬ್ (ಸ್ಕ್ಯಾನ್ ಮಾಡುವ ಕೈ ಉಪಕರಣ) ಹಿಡಿಯುವವರಿಗೆ ಒಂದಲ್ಲ ಒಂದು ದಿನ ಎದುರಾಗುವಷ್ಟು ಇದೆ. "ಒಂದೇ ಸಿಸೇರಿಯನ್ ತಾನೇ" ಅಂತ ಸಡಿಲ ಬಿಡುವಂತಿಲ್ಲ. ಪ್ರಕಟವಾದ ಪ್ರಕರಣಗಳನ್ನು ಒಟ್ಟು ಹಾಕಿ ನೋಡಿದಾಗ ಅರ್ಧಕ್ಕೂ ತುಸು ಹೆಚ್ಚು ಮಂದಿಗೆ ಹಿಂದೆ ಆಗಿದ್ದದ್ದು ಒಂದೇ ಸಿಸೇರಿಯನ್.

ಯಾವ ವಾರದಲ್ಲಿ ನೋಡಬೇಕು?

ಕೊನೇ ಮುಟ್ಟಿನ ಮೊದಲ ದಿನದಿಂದ ಎಣಿಸಿ 6ರಿಂದ 7 ವಾರ. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

5 ವಾರಕ್ಕೆ ಗರ್ಭಚೀಲ ತೀರಾ ಚಿಕ್ಕದು, ಎಲ್ಲಿ ಕೂತಿದೆ ಅಂತ ಹೇಳಲು ಧೈರ್ಯ ಸಾಲದು. 6–7 ವಾರಕ್ಕೆ ಸ್ಯಾಕ್ (ಗರ್ಭಚೀಲ), ಅದರೊಳಗಿನ ಪುಟ್ಟ ದುಂಡು ಚೀಲವಾದ ಯೋಕ್ ಸ್ಯಾಕ್, ಭ್ರೂಣ ಎಲ್ಲ ಕಾಣುತ್ತವೆ, ಸ್ಯಾಕ್ ಇನ್ನೂ ತಾನು ಬೇರು ಬಿಟ್ಟ ಜಾಗದಲ್ಲೇ ಇರುತ್ತದೆ. 8–9 ವಾರದ ಹೊತ್ತಿಗೆ ಆಟ ಬದಲಾಗುತ್ತದೆ. ಬೆಳೆಯುವ ಸ್ಯಾಕಿಗೆ ಗುಳಿಯಲ್ಲಿ ಜಾಗ ಸಾಲುವುದಿಲ್ಲ. ಅದು ಖಾಲಿ ಇರುವ ಕಡೆಗೆ, ಅಂದರೆ ಗರ್ಭಕೋಶದ ಮೇಲ್ಭಾಗಕ್ಕೆ ಹಬ್ಬುತ್ತದೆ. ಮಗು ಮೇಲೆ ಸರಿಯುತ್ತದೆ. ಮಾಸು ಮಾತ್ರ ಕೆಳಗೆ ಕಲೆಯಲ್ಲೇ ಉಳಿಯುತ್ತದೆ. ಆಗ ನೋಡಿದವರಿಗೆ ಗರ್ಭಕೋಶದ ನಡುವೆ ಆಡುತ್ತಿರುವ ಮಗು ಕಾಣುತ್ತದೆ, ಎಲ್ಲ ಸರಿ ಇದೆ ಅನ್ನಿಸುತ್ತದೆ. 20ನೇ ವಾರದ ಸ್ಕ್ಯಾನ್‌ನಲ್ಲಿ ಮಾಸು ಮೂತ್ರಕೋಶದ ಗೋಡೆಗೆ ಕಚ್ಚಿಕೊಂಡಿರುವುದು ಕಂಡಾಗ, "ಇದು ಮೊದಲ ತಿಂಗಳಲ್ಲೇ ಶುರುವಾಗಿತ್ತು" ಅಂತ ಹಿಂತಿರುಗಿ ಹೇಳುವುದಷ್ಟೇ ಉಳಿಯುತ್ತದೆ.

ಹೆಜ್ಜೆ 1: ಪ್ರೋಬ್ ಹಿಡಿಯುವ ಮೊದಲು ಬಾಯಿ ಬಿಟ್ಟು ಕೇಳಿ

ಚೀಟಿಯಲ್ಲಿ ಬರೆದಿರುತ್ತದೆ ಅಂತ ನಂಬಬೇಡಿ. ಎಷ್ಟೋ ಚೀಟಿಗಳಲ್ಲಿ "6 ವಾರ, ವಯಬಿಲಿಟಿ" (ಜೀವ ಇದೆಯಾ ನೋಡಿ) ಅಂತ ಮಾತ್ರ ಇರುತ್ತದೆ.

"ಇದು ಎಷ್ಟನೇ ಬಸಿರಮ್ಮ?"
"ಎರಡನೇದು ಡಾಕ್ಟ್ರೇ."
"ಮೊದಲನೇ ಹೆರಿಗೆ ನಾರ್ಮಲ್ಲಾ, ಆಪರೇಷನ್ನಾ?"
"ಆಪರೇಷನ್. ನೋವು ಪೂರ್ತಿ ಬಂದಿತ್ತು, ಕೊನೆಗೆ ಆಗಲಿಲ್ಲ ಅಂತ ತೆಗೆದ್ರು."

ಈ ಕೊನೇ ಸಾಲು ಬಹಳ ಕೆಲಸಕ್ಕೆ ಬರುತ್ತದೆ. ನೋವು ಮುಂದುವರಿದು, ಗರ್ಭಕಂಠ ಸಾಕಷ್ಟು ತೆರೆದ ಮೇಲೆ ಆಪರೇಷನ್ ಆಗಿದ್ದರೆ ಕೊಯ್ತ ಕೆಳಗೆ, ಗರ್ಭಕಂಠದ ಹತ್ತಿರ ಬಿದ್ದಿರಬಹುದು. ಕಲೆಯನ್ನು ಹುಡುಕುವಾಗ ಅಲ್ಲಿಗೂ ಕಣ್ಣು ಹೋಗಬೇಕು. ಎಷ್ಟು ಸಿಸೇರಿಯನ್, ಹಿಂದೆ ಡಿ ಆಂಡ್ ಸಿ (ಗರ್ಭಕೋಶವನ್ನು ಕೆರೆದು ಕ್ಲೀನ್ ಮಾಡುವುದು) ಆಗಿದೆಯಾ, ಹಿಂದೆ ಇದೇ ಥರ ಹೊಲಿಗೆಯಲ್ಲಿ ಗರ್ಭ ನಿಂತಿತ್ತಾ, ಐವಿಎಫ್ ಆಗಿದೆಯಾ ಅಂತಲೂ ಕೇಳಿ. ಮುಟ್ಟಿನ ತಾರೀಖು ಕೇಳಿ, ಆದರೆ ಅದರ ಮೇಲೆ ಪೂರ್ತಿ ಭರವಸೆ ಬೇಡ. ಮಗುವಿಗೆ ಇನ್ನೂ ಹಾಲು ಕುಡಿಸುತ್ತಿರುವವರಿಗೆ ಮುಟ್ಟು ಹೆಚ್ಚುಕಮ್ಮಿ ಇರುತ್ತದೆ.

ನೋವು, ರಕ್ತ ಇದ್ದರೆ ಎಚ್ಚರವಾಗುವುದು ಸಹಜ. ಇಲ್ಲದಿದ್ದರೂ ಎಚ್ಚರ ಬೇಕು. ಮೂವರಲ್ಲಿ ಒಬ್ಬರಿಗಾದರೂ ಯಾವ ಲಕ್ಷಣವೂ ಇರುವುದಿಲ್ಲ, ಮಾಮೂಲಿ ಸ್ಕ್ಯಾನ್‌ನಲ್ಲೇ ಗೊತ್ತಾಗುತ್ತದೆ. ಇದ್ದರೂ ಹೆಚ್ಚಾಗಿ ನೋವಿಲ್ಲದೆ ಸ್ವಲ್ಪ ರಕ್ತ ಕಾಣಿಸಿಕೊಳ್ಳುತ್ತದೆ, ಅಷ್ಟೇ. ಬೀಟಾ ಎಚ್‌ಸಿಜಿ (ರಕ್ತದಲ್ಲಿನ ಬಸಿರಿನ ಹಾರ್ಮೋನ್) ನೋಡಿ ಜಾಗ ಹೇಳಲು ಆಗುವುದಿಲ್ಲ. ಕಲೆಯಲ್ಲಿ ಕೂತ ಜೀವಂತ ಗರ್ಭದಲ್ಲೂ ಅದು ಮಾಮೂಲಿ ಹಾಗೆಯೇ ಏರಬಹುದು.

ಹೆಜ್ಜೆ 2: ಮೊದಲು ಹೊಟ್ಟೆ ಮೇಲಿಂದ, ಆಮೇಲೆ ಒಳಗಿಂದ

ಹೊಟ್ಟೆ ಮೇಲಿನ ಸ್ಕ್ಯಾನನ್ನು ಮೂತ್ರಕೋಶ ತುಂಬಿರುವಾಗ ಮಾಡಿ. ಇಡೀ ಗರ್ಭಕೋಶ ಒಂದೇ ಚಿತ್ರದಲ್ಲಿ ಸಿಗುತ್ತದೆ. ಸ್ಯಾಕ್ ಮೇಲಿದೆಯೋ ಕೆಳಗಿದೆಯೋ ಎಂಬ ಅಂದಾಜು ಬರುತ್ತದೆ. ಮೂತ್ರಕೋಶಕ್ಕೂ ಗರ್ಭಕೋಶಕ್ಕೂ ನಡುವಿನ ಗೆರೆ ಚೆನ್ನಾಗಿ ಕಾಣುತ್ತದೆ.

ತೀರ್ಮಾನ ಕೊಡಬೇಕಾದದ್ದು ಮಾತ್ರ ಟಿವಿಎಸ್, ಅಂದರೆ ಯೋನಿಯೊಳಗಿಂದ ಮಾಡುವ ಸ್ಕ್ಯಾನ್. ಅದಕ್ಕೆ ಮುಂಚೆ ಮೂತ್ರ ಪೂರ್ತಿ ಖಾಲಿ ಮಾಡಿಸುವುದು ರೂಢಿ. ಇವರಿಗೆ ಹಾಗೆ ಮಾಡಬೇಡಿ. ಸ್ವಲ್ಪ ಮೂತ್ರ ಉಳಿದಿದ್ದರೆ ಮೂತ್ರಕೋಶದ ಗೋಡೆ ಬಿಡಿಸಿಕೊಂಡು ಕಾಣುತ್ತದೆ, ಸ್ಯಾಕಿನ ಮುಂದೆ ಸ್ನಾಯು ಎಷ್ಟು ಉಳಿದಿದೆ ಎಂದು ಅಳೆಯಲು ಆಗುತ್ತದೆ. ಪೂರ್ತಿ ಖಾಲಿಯಾದರೆ ಎರಡೂ ಗೋಡೆ ಒಂದಕ್ಕೊಂದು ಅಂಟಿ ಒಂದೇ ಬೂದು ಪಟ್ಟೆಯಾಗುತ್ತದೆ.

ಒಳ ಸ್ಕ್ಯಾನ್ ಅಂದರೆ ಭಯ ಇರುತ್ತದೆ, ಅದೂ ರಕ್ತ ಕಾಣಿಸಿಕೊಂಡವರಿಗೆ. ಒಂದು ನಿಮಿಷ ಕೊಟ್ಟು ಯಾಕೆ ಮಾಡುತ್ತಿದ್ದೇವೆ ಅಂತ ಹೇಳಿ, ಒಪ್ಪಿಗೆ ಕೇಳಿ. ಇದರಿಂದ ಗರ್ಭಕ್ಕೆ ತೊಂದರೆ ಇಲ್ಲ ಅಂತ ತಿಳಿಸಿ. ಪ್ರೋಬನ್ನು ಮೆಲ್ಲಗೆ ಒಳಗೆ ತಂದು, ಗರ್ಭಕಂಠಕ್ಕೆ ಒತ್ತುವ ಮೊದಲೇ ನಿಲ್ಲಿಸಿ. ಜೋರಾಗಿ ಒತ್ತಿದರೆ ಕೆಳಭಾಗದ ಆಕಾರವೇ ಬದಲಾಗುತ್ತದೆ.

ಹೆಜ್ಜೆ 3: ಸ್ಯಾಕಿನ ಮೇಲೆ ಝೂಮ್ ಮಾಡಬೇಡಿ, ಇನ್ನೂ ಸಮಯ ಇದೆ

ಎಲ್ಲರ ಕೈಯೂ ತಾನಾಗಿ ಸ್ಯಾಕಿನ ಕಡೆ ಓಡುತ್ತದೆ. ಝೂಮ್ ಮಾಡುತ್ತೇವೆ, ಎದೆಬಡಿತ ಹುಡುಕುತ್ತೇವೆ. ಝೂಮ್ ಆದ ಚಿತ್ರದಲ್ಲಿ ಸ್ಯಾಕ್ ಎಲ್ಲಿ ಕೂತಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಈ ತೊಂದರೆ ನಮ್ಮ ಕಣ್ಣಿಗೆ ಬೀಳದೆ ಹೋಗುವುದು ಬಹುಪಾಲು ಹೀಗೆಯೇ ಅಂತ ನನ್ನ ಅನಿಸಿಕೆ.

ಹಾಗಾಗಿ ಗರ್ಭಕೋಶವನ್ನು ಉದ್ದಕ್ಕೆ ಸೀಳಿದಂತೆ ತೋರಿಸುವ ನೋಟ, ಅಂದರೆ ಸ್ಯಾಜಿಟಲ್ ನೋಟ ತೆಗೆದುಕೊಳ್ಳಿ. ಗರ್ಭಕಂಠದ ಹೊರಬಾಯಿಯಿಂದ ಗರ್ಭಕೋಶದ ಮೇಲ್ತುದಿಯಾದ ಫಂಡಸ್‌ವರೆಗೆ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಬರಲಿ. ಈಗ ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಿ. ಗರ್ಭಕಂಠದ ನಾಳ ಖಾಲಿ ಇದೆಯಾ? ಒಳಬಾಯಿ ಮುಚ್ಚಿದೆಯಾ? ಅದರ ಮಟ್ಟದಲ್ಲಿ ಮುಂಗೋಡೆಯ ಕಲೆ ಕಾಣುತ್ತಿದೆಯಾ? ಕಲೆ ಸಾಮಾನ್ಯವಾಗಿ ಗೋಡೆಯಲ್ಲಿ ಒಂದು ಕಪ್ಪು ಚುಂಚಿನಂತೆಯೋ ತೆಳುವಾದ ಪಟ್ಟೆಯಂತೆಯೋ ಕಾಣುತ್ತದೆ. ಕೊನೆಗೆ ಮೇಲ್ಭಾಗಕ್ಕೆ ಬನ್ನಿ. ಅಲ್ಲಿ ಒಳಪದರದ ಗೆರೆ ಮಾತ್ರ ಇದೆಯಾ, ಸ್ಯಾಕ್ ಇದೆಯಾ?

ಗರ್ಭಕೋಶ ಹಿಂದಕ್ಕೆ ಬಾಗಿದ್ದರೆ ಗೊಂದಲ ಹೆಚ್ಚು, ಒಂದೇ ನೋಟದಲ್ಲಿ ಫಂಡಸ್ ಸಿಗುವುದಿಲ್ಲ. ಆಗ ಇನ್ನೊಂದು ಕೈಯಿಂದ ಹೊಟ್ಟೆ ಮೇಲೆ ಮೆಲ್ಲಗೆ ಒತ್ತಿ ನೋಡಿ. ಆಗದಿದ್ದರೆ ಹೊಟ್ಟೆ ಮೇಲಿನ ಸ್ಕ್ಯಾನಿನ ಚಿತ್ರದ ಜೊತೆ ಹೋಲಿಸಿ.

ಹೆಜ್ಜೆ 4: ನಡುಗೆರೆ ಹಾಕಿ

ಇದು ಸುಲಭವಾದ ಉಪಾಯ. ಟಿಮರ್-ಟ್ರಿಟ್ಷ್ ಮತ್ತು ಜೊತೆಗಾರರು 2016ರಲ್ಲಿ ಇದನ್ನು ಪ್ರಕಟಿಸಿದರು. 5ರಿಂದ 10 ವಾರದೊಳಗೆ, ಅದೇ ಸ್ಯಾಜಿಟಲ್ ಚಿತ್ರದಲ್ಲಿ ಹೊರಬಾಯಿಯಿಂದ ಫಂಡಸ್ ತುದಿಯವರೆಗೆ ಒಂದು ಗೆರೆ ಎಳೆಯಿರಿ. ಅದರ ಅರ್ಧದಲ್ಲಿ ಒಂದು ಅಡ್ಡಗೆರೆ. ಸ್ಯಾಕಿನ ನಡುಬಿಂದು ಈ ಅಡ್ಡಗೆರೆಯ ಮೇಲೆ, ಫಂಡಸ್ ಕಡೆ ಇದ್ದರೆ ಮಾಮೂಲಿ ಜಾಗದ ಗರ್ಭ ಇರಬೇಕು. ಕೆಳಗೆ, ಗರ್ಭಕಂಠದ ಕಡೆ ಇದ್ದರೆ ಕಲೆಯ ಗರ್ಭವೇ ಅಂತ ಅನುಮಾನ ಪಡಬೇಕು.

ಅನುಮಾನ ಅಂದೆ, ತೀರ್ಮಾನ ಅನ್ನಲಿಲ್ಲ. ಗರ್ಭಪಾತವಾಗಿ ಕೆಳಗೆ ಜಾರುತ್ತಿರುವ ಸ್ಯಾಕ್ ಕೂಡ, ಗರ್ಭಕಂಠದಲ್ಲೇ ಕೂತ ಗರ್ಭ ಕೂಡ ಗೆರೆಯ ಕೆಳಗೇ ಇರುತ್ತವೆ. ಆದರೆ ಬಿಡುವಿಲ್ಲದ ಬೆಳಗಿನ ಹೊತ್ತಿನಲ್ಲಿ ಅರ್ಧ ನಿಮಿಷದ ಈ ಕೆಲಸ ಯಾರನ್ನು ಇನ್ನೂ ನಿಧಾನವಾಗಿ ನೋಡಬೇಕು ಅಂತ ಬೇರ್ಪಡಿಸಿ ಕೊಡುತ್ತದೆ. ಸಿಸೇರಿಯನ್ ಆದ ಪ್ರತಿಯೊಬ್ಬರಿಗೂ ಮಾಡಿ ಅಂತ ನಾನು ಹೇಳುವುದು ಅದಕ್ಕೇ.

ಹೆಜ್ಜೆ 5: ಆಕಾರ ಮತ್ತು ಮುಂದಿನ ಗೋಡೆ

ಈಗ ಝೂಮ್ ಮಾಡಿ. 8 ವಾರದೊಳಗಿನ ಸ್ಯಾಕ್ ಗುಳಿಯ ಆಕಾರವನ್ನೇ ಪಡೆದು ತ್ರಿಕೋನದಂತೆ ಕಾಣುತ್ತದೆ, ಚೂಪು ತುದಿ ಮೂತ್ರಕೋಶದ ಕಡೆಗೆ. 8 ವಾರ ದಾಟಿದ ಮೇಲೆ ದುಂಡಗೋ ಮೊಟ್ಟೆಯಾಕಾರಕ್ಕೋ ತಿರುಗುತ್ತದೆ. ಗುಳಿ ತುಂಬಿರುತ್ತದೆ.

ಸ್ಯಾಕಿಗೂ ಮೂತ್ರಕೋಶಕ್ಕೂ ನಡುವೆ ಎಷ್ಟು ಸ್ನಾಯು ಉಳಿದಿದೆ? ಅತಿ ತೆಳುವಾದ ಕಡೆ ಅಳೆಯಿರಿ. ಕಲೆಯ ಗರ್ಭದಲ್ಲಿ ಇದು ಸಾಮಾನ್ಯವಾಗಿ 1ರಿಂದ 3 ಮಿ.ಮೀ. ಇರುತ್ತದೆ, ಇಲ್ಲವೇ ಏನೂ ಇರುವುದಿಲ್ಲ. ಅಳೆಯುವಾಗ ಮಾಸಿನ ಬಿಳಿ ಅಂಚನ್ನೂ ಮೂತ್ರಕೋಶದ ಗೋಡೆಯನ್ನೂ ಸೇರಿಸಿಬಿಡುವುದು ಸುಲಭ. ಆಗ 2 ಮಿ.ಮೀ. ಇರುವುದು 5 ಆಗಿ ಕಾಣುತ್ತದೆ. ಕ್ಯಾಲಿಪರ್ (ತೆರೆಯ ಮೇಲಿನ ಅಳತೆಯ ಗುರುತು) ಇಡುವ ಜಾಗ ಮಾಸಿನ ಹೊರ ಅಂಚಿನಿಂದ ಗರ್ಭಕೋಶದ ಹೊರಗೆರೆಯವರೆಗೆ. ಮೂರು ಸಲ ಅಳೆದು ಕಡಿಮೆ ಬಂದದ್ದನ್ನು ಬರೆಯಿರಿ. ಅಡ್ಡ ನೋಟದಲ್ಲೂ ಒಮ್ಮೆ ನೋಡಿ, ಕೆಲವೊಮ್ಮೆ ಸ್ಯಾಕ್ ನಡುವೆ ಇರದೆ ಕಲೆಯ ಒಂದು ಮೂಲೆಯಲ್ಲಿ ಕೂತಿರುತ್ತದೆ.

ಭ್ರೂಣ ಇಲ್ಲದ ಸ್ಯಾಕ್ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಕಲೆಗೆ ಕಚ್ಚಿರುವುದು ಮಾಸು. ಎದೆಬಡಿತ ಇಲ್ಲದಿದ್ದರೂ ರಕ್ತಸ್ರಾವದ ಅಪಾಯ ಇದ್ದೇ ಇದೆ.

ಹೆಜ್ಜೆ 6: ಡಾಪ್ಲರ್

ಡಾಪ್ಲರ್ ಅಂದರೆ ರಕ್ತದ ಹರಿವನ್ನು ತೋರಿಸುವ ವಿಧಾನ. ಕಲರ್ ಬಾಕ್ಸನ್ನು ಸ್ಯಾಕಿನ ಸುತ್ತಲಿಗೆ, ಮುಖ್ಯವಾಗಿ ಕಲೆಯ ಕಡೆಗೆ ಚಿಕ್ಕದಾಗಿ ಇಡಿ. ಪಿಆರ್‌ಎಫ್ (ಸೆಕೆಂಡಿಗೆ ಎಷ್ಟು ಸಲ ಅಲೆ ಕಳಿಸಬೇಕು ಎಂಬ ಸೆಟ್ಟಿಂಗ್) ಕಡಿಮೆ ಮಾಡಿ, 0.6ರಿಂದ 0.9 ಕಿಲೋಹರ್ಟ್ಸ್ ಆಸುಪಾಸು. ನಿಧಾನದ ಅಲುಗಾಟವನ್ನು ಸೋಸುವ ವಾಲ್ ಫಿಲ್ಟರ್ ಕೂಡ ಕಡಿಮೆ. ಗೇನನ್ನು ಸುಮ್ನೆ ಬಣ್ಣದ ಚುಕ್ಕಿ ಎದ್ದೇಳುವವರೆಗೆ ಏರಿಸಿ, ಅವು ಮಾಯವಾಗುವಷ್ಟು ಇಳಿಸಿ.

ಕಲೆಯ ಗರ್ಭದಲ್ಲಿ ಸ್ಯಾಕಿನ ಮುಂಭಾಗದಲ್ಲಿ, ಕಲೆ ಮತ್ತು ಮೂತ್ರಕೋಶದ ಕಡೆ ಬಣ್ಣ ದಟ್ಟವಾಗಿರುತ್ತದೆ. ಒಂದು ಜಾಗದ ರಕ್ತದ ವೇಗ ಅಳೆಯುವ ಪಲ್ಸ್ ಡಾಪ್ಲರ್ ಇಟ್ಟರೆ ವೇಗ ಹೆಚ್ಚು, ತಡೆ ಕಡಿಮೆ. ಗರಿಷ್ಠ ವೇಗ ಸೆಕೆಂಡಿಗೆ 20 ಸೆಂ.ಮೀ.ಗಿಂತ ಜಾಸ್ತಿ, ಪಿಐ (ತಡೆಯನ್ನು ಹೇಳುವ ಸೂಚ್ಯಂಕ) 1ಕ್ಕಿಂತ ಕಡಿಮೆ. ಆದರೆ ಪಲ್ಸ್ ಡಾಪ್ಲರನ್ನು ಭ್ರೂಣದ ಮೇಲೆ ಇಡಲೇಬೇಡಿ. ಎದೆಬಡಿತ ದಾಖಲಿಸಲು ಎಂ-ಮೋಡ್ (ಅಲುಗಾಟವನ್ನು ಗೆರೆಯಾಗಿ ತೋರಿಸುವ ವಿಧಾನ) ಸಾಕು. ಸುತ್ತಲಿನ ಮಾಸಿನ ಮೇಲೂ ಬೇಕಾದಷ್ಟೇ ಹೊತ್ತು ಇಟ್ಟು ತೆಗೆಯಿರಿ.

ಹೆಜ್ಜೆ 7: ಮೆಲ್ಲಗೆ ಒತ್ತಿ ನೋಡಿ

ಪ್ರೋಬಿನಿಂದ ಒಳಬಾಯಿಯ ಮಟ್ಟದಲ್ಲಿ ಸ್ವಲ್ಪ ಒತ್ತಿ, ಬಿಡಿ. ಕಣ್ಣು ಸ್ಯಾಕ್ ಮತ್ತು ಅದರ ಸುತ್ತಲಿನ ಗೋಡೆಯ ಗಡಿಯ ಮೇಲಿರಲಿ. ಗರ್ಭಪಾತವಾಗಿ ಕೆಳಗಿಳಿದು ಬಂದ ಸ್ಯಾಕ್ ನಾಳದೊಳಗೆ ಹಿಂದೆ ಮುಂದೆ ಜಾರುತ್ತದೆ, ಗೋಡೆ ತನ್ನ ಪಾಡಿಗೆ ಇರುತ್ತದೆ. ಕಲೆಯಲ್ಲಿ ಕಚ್ಚಿಕೊಂಡದ್ದು ಗೋಡೆಯ ಜೊತೆಯೇ ಅಲುಗುತ್ತದೆ, ಒಂದಿಷ್ಟೂ ಬೇರೆಯಾಗಿ ಜಾರುವುದಿಲ್ಲ. ಇದನ್ನು ಒಂದು ಚಿಕ್ಕ ವಿಡಿಯೊ ಆಗಿ ಉಳಿಸಿ. ಎರಡನೇ ಅಭಿಪ್ರಾಯ ಕೇಳುವಾಗ ಹತ್ತು ನಿಂತ ಚಿತ್ರಕ್ಕಿಂತ ಈ ಒಂದು ವಿಡಿಯೊ ಹೆಚ್ಚು ಹೇಳುತ್ತದೆ. ಒತ್ತುವುದು ಅಂದರೆ ಒತ್ತುವುದೇ, ಕುಟ್ಟುವುದಲ್ಲ. ರಕ್ತ ಜೋರಾಗಿ ಹೋಗುತ್ತಿದ್ದರೆ ಈ ಹೆಜ್ಜೆಯನ್ನೇ ಬಿಟ್ಟುಬಿಡಿ.

ಯಾವುದರ ಜೊತೆ ಗೊಂದಲವಾಗುತ್ತದೆ?

ಅತಿ ಹೆಚ್ಚು ಗೊಂದಲ ಆಗುವುದು ನಡೆಯುತ್ತಿರುವ ಗರ್ಭಪಾತದ ಜೊತೆ. ಅಪಾಯದ ಗೊಂದಲವೂ ಅದೇ. ಯಾಕೆಂದರೆ "ಗರ್ಭಪಾತ ಪೂರ್ತಿ ಆಗಿಲ್ಲ, ಕ್ಲೀನ್ ಮಾಡಿಬಿಡೋಣ" ಅಂತ ಕ್ಯುರೆಟ್ (ಕೆರೆಯುವ ಉಪಕರಣ) ಹಾಕಿದರೆ ಕಲೆಯಿಂದ ರಕ್ತ ಕೋಡಿ ಬಿದ್ದಂತೆ ಹರಿಯುತ್ತದೆ. ಗರ್ಭಪಾತದಲ್ಲಿ ಒಳಬಾಯಿ ಸಾಮಾನ್ಯವಾಗಿ ತೆರೆದಿರುತ್ತದೆ. ಸ್ಯಾಕ್ ಜಜ್ಜಿದಂತೆ, ಅಂಚು ಸೊಟ್ಟ. ಸುತ್ತ ಬಣ್ಣ ಇರುವುದಿಲ್ಲ. ಮುಂಗೋಡೆ ದಪ್ಪವಾಗಿಯೇ ಇರುತ್ತದೆ. ಒತ್ತಿದರೆ ಜಾರುತ್ತದೆ. ಮಾರನೇ ದಿನ ನೋಡಿದರೆ ಜಾಗ ಬದಲಾಗಿರುತ್ತದೆ, ಇಲ್ಲವೇ ಹೊರಗೇ ಹೋಗಿರುತ್ತದೆ.

ಗರ್ಭಕಂಠದ ಗರ್ಭದಲ್ಲಿ ಸ್ಯಾಕ್ ಒಳಬಾಯಿಗಿಂತ ಕೆಳಗೆ, ನಾಳದೊಳಗೆ ಇರುತ್ತದೆ. ಗರ್ಭಕಂಠ ಪೀಪಾಯಿಯಂತೆ ಉಬ್ಬುತ್ತದೆ. ಕಲೆ ಇರುವ ಜಾಗ ಸ್ಯಾಕಿನ ಮೇಲೆ, ಖಾಲಿಯಾಗಿ, ದಪ್ಪ ಸ್ನಾಯುವಿನೊಂದಿಗೆ ಕಾಣುತ್ತದೆ.

ಇನ್ನು, ಕೆಳಗೆ ಕೂತಿದೆ ಆದರೆ ಕಲೆಯಲ್ಲಿ ಇಲ್ಲ ಎನ್ನುವ ಗರ್ಭ. ಮುಂದಿನ ಸ್ನಾಯು ದಪ್ಪವಿದೆ, ಗುಳಿ ಖಾಲಿ ಇದೆ, ಮಾಸು ಹಿಂಗೋಡೆಯಲ್ಲಿದೆ. ಇಂಥವರನ್ನು ಹೆದರಿಸಬೇಡಿ, ಹಾಗಂತ ಬಿಡಲೂ ಬೇಡಿ. ಕೆಲವೇ ದಿನಗಳಲ್ಲಿ ಮತ್ತೆ ನೋಡಿ, ಮಾಸು ಎಲ್ಲಿ ಬೆಳೆಯುತ್ತಿದೆ ಅಂತ ಗಮನಿಸಿ. ಗರ್ಭಕಂಠದ ನಬೋಥಿಯನ್ ಸಿಸ್ಟ್ (ಲೋಳೆ ತುಂಬಿದ ಸಣ್ಣ ಗುಳ್ಳೆ) ಮತ್ತು ಗುಳಿಯಲ್ಲಿ ನಿಂತ ನೀರು ಕೂಡ ಮೊದಲ ನೋಟಕ್ಕೆ ಸ್ಯಾಕಿನಂತೆ ಕಾಣಬಹುದು. ಅವಕ್ಕೆ ಮಾಸಿನ ಬಿಳಿ ಉಂಗುರ ಇರುವುದಿಲ್ಲ, ಯೋಕ್ ಸ್ಯಾಕ್ ಇರುವುದಿಲ್ಲ, ಸುತ್ತ ಬಣ್ಣವೂ ಇರುವುದಿಲ್ಲ.

ಮೇಲೊಂದು, ಕೆಳಗೊಂದು ಸ್ಯಾಕ್ ಒಟ್ಟಿಗೆ ಇರುವುದು ಬಹಳ ಅಪರೂಪ, ಆದರೆ ಆಗುತ್ತದೆ. ಐವಿಎಫ್ ಆದವರಲ್ಲಿ ಮೇಲೆ ಒಂದು ಸ್ಯಾಕ್ ಸಿಕ್ಕಿತು ಅಂತ ಕಲೆ ನೋಡುವುದನ್ನು ನಿಲ್ಲಿಸಬೇಡಿ.

ಯಾವ ಬಗೆ ಅಂತ ಬರೆಯಬೇಕಾ?

ಬರೆಯಬೇಕು. ಚಿಕಿತ್ಸೆ ಮಾಡುವವರಿಗೆ ಅದು ಬೇಕು. 2000ದಿಂದ ಎರಡು ಬಗೆ ಹೇಳುತ್ತಾ ಬಂದಿದ್ದಾರೆ: ಗರ್ಭಕೋಶದ ಒಳಗಿನ ಕಡೆಗೆ ಬೆಳೆಯುವುದು, ಮೂತ್ರಕೋಶದ ಕಡೆಗೆ ಬೆಳೆಯುವುದು. 2022ರಲ್ಲಿ ತಜ್ಞರು ಒಮ್ಮತಕ್ಕೆ ಬಂದು ಮೂರು ಮಾಡಿದರು. ಸ್ಯಾಕಿನ ಹೆಚ್ಚಿನ ಭಾಗ ಗರ್ಭಕೋಶದ ಕುಹರದ ಕಡೆ ಇದ್ದರೆ ಒಂದನೇ ಬಗೆ. ಹೆಚ್ಚಿನ ಭಾಗ ಸ್ನಾಯುವಿನೊಳಗೇ ಹುದುಗಿ ಹೊರಗೆರೆ ದಾಟದಿದ್ದರೆ ಎರಡನೇದು. ಹೊರಗೆರೆ ದಾಟಿ ಉಬ್ಬಿದ್ದರೆ ಮೂರನೇದು. ನನಗೆ ಈ ಮೂರರ ಲೆಕ್ಕ ಇಷ್ಟ, ಎರಡು ಗೆರೆ ಎಳೆದರೆ ಉತ್ತರ ಸಿಗುತ್ತದೆ. ಆದರೆ ಬಗೆ ಗೊತ್ತಾಗಲಿಲ್ಲ ಅಂತ ರೋಗನಿರ್ಣಯವನ್ನೇ ತಡಮಾಡಬೇಡಿ. ಒಂದನೇ ಬಗೆ ಅಂದ ಕೂಡಲೇ ಅಪಾಯ ಇಲ್ಲ ಅಂತಲೂ ಅಲ್ಲ. ಅದು ಮುಂದುವರಿಯುವ ಸಾಧ್ಯತೆ ಹೆಚ್ಚು, ಹಾಗೆ ಮುಂದುವರಿದಾಗ ಮಾಸು ಗೋಡೆಗೆ ಕಚ್ಚಿಕೊಳ್ಳುವ ಅಪಾಯವೂ ಹೆಚ್ಚು.

9 ವಾರ ದಾಟಿ ಬಂದವರಿಗೆ

ನಡುಗೆರೆ ಇಲ್ಲಿ ಹೆಚ್ಚು ಸಹಾಯ ಮಾಡುವುದಿಲ್ಲ. ಮಗುವನ್ನು ಬಿಟ್ಟು ಮಾಸನ್ನು ಹುಡುಕಿ. ಮುಂಗೋಡೆಯಲ್ಲಿ, ಕೆಳಗೆ, ಕಲೆಯ ಮೇಲೆ ಇದೆಯಾ? ಸ್ಯಾಕಿನ ಕೆಳತುದಿ ಇನ್ನೂ ಗುಳಿಯೊಳಗೆ ಸಿಕ್ಕಿಕೊಂಡಂತೆ ಇದೆಯಾ? ಮಾಸಿನೊಳಗೆ ಸೊಟ್ಟಂಬಟ್ಟ ಕಪ್ಪು ಕುಳಿಗಳು, ಮೂತ್ರಕೋಶದ ಗೆರೆ ಅಲ್ಲಲ್ಲಿ ಕಡಿದಿರುವುದು, ಆ ಗಡಿಯಲ್ಲಿ ದಟ್ಟ ಬಣ್ಣ ಇವುಗಳನ್ನು ನೋಡಿ. ಹಳೆಯ ಸ್ಕ್ಯಾನ್ ಚಿತ್ರ ಇದ್ದರೆ ಕೇಳಿ ತೆಗೆಸಿಕೊಳ್ಳಿ. 6 ವಾರದ ಒಂದು ಮಸುಕು ಪ್ರಿಂಟ್ ಕೂಡ ಎಷ್ಟೋ ಸಲ ಅನುಮಾನ ಬಗೆಹರಿಸುತ್ತದೆ.

ರಿಪೋರ್ಟ್‌ನಲ್ಲಿ ಏನು ಬರೆಯಬೇಕು?

"ಕೆಳಗೆ ಕೂತ ಗರ್ಭ, ಕ್ಲಿನಿಕಲ್ ಹೋಲಿಕೆ ಅಗತ್ಯ" ಅಂತ ಬರೆದು ಕೈ ತೊಳೆದುಕೊಳ್ಳುವ ರಿಪೋರ್ಟ್‌ನಿಂದ ಯಾರಿಗೂ ಉಪಯೋಗವಿಲ್ಲ. ಹೀಗೆ ಬರೆಯಬಹುದು:

"ಹಿಂದೆ 2 ಸಿಸೇರಿಯನ್. 6 ವಾರ 4 ದಿನದ ಗರ್ಭ. ಗರ್ಭಕೋಶದ ಮೇಲ್ಭಾಗ ಮತ್ತು ಗರ್ಭಕಂಠದ ನಾಳ ಖಾಲಿ. ಒಳಬಾಯಿಯ ಮಟ್ಟದಲ್ಲಿ, ಮುಂಗೋಡೆಯ ಕಲೆಯ ಗುಳಿಯಲ್ಲಿ ತ್ರಿಕೋನಾಕಾರದ ಗರ್ಭಚೀಲ. ಒಳಗೆ ಯೋಕ್ ಸ್ಯಾಕ್, 7 ಮಿ.ಮೀ. ಭ್ರೂಣ, ಎದೆಬಡಿತ ಇದೆ. ಮೂತ್ರಕೋಶದ ಕಡೆ ಉಳಿದ ಸ್ನಾಯು 1.8 ಮಿ.ಮೀ. ಹೊರಗೆರೆ ದಾಟಿಲ್ಲ. ಕಲೆಯ ಕಡೆ ರಕ್ತಸಂಚಾರ ಹೆಚ್ಚು. ಒತ್ತಿದಾಗ ಜಾರುವುದಿಲ್ಲ. ಎರಡೂ ಅಂಡಾಶಯ ಸಹಜ, ಹೊಟ್ಟೆಯಲ್ಲಿ ನೀರಿಲ್ಲ. ತೀರ್ಮಾನ: ಸಿಸೇರಿಯನ್ ಕಲೆಯ ಗರ್ಭ, ಎರಡನೇ ಬಗೆ. ಕುರುಡಾಗಿ ಕ್ಯುರೆಟಾಜ್ ಮಾಡಬಾರದು."

ಕೊನೇ ಸಾಲು ರೇಡಿಯಾಲಜಿ ರಿಪೋರ್ಟ್‌ನಲ್ಲಿ ಇರಬೇಕಾ ಅಂತ ಕೆಲವರು ತಕರಾರು ತೆಗೆಯುತ್ತಾರೆ. ಇರಲಿ ಬಿಡಿ, ಬರೆಯಿರಿ. ಬರೆದ ಮೇಲೆ ಕಳಿಸಿದ ವೈದ್ಯರಿಗೆ ಫೋನ್ ಮಾಡಿ. ಕಾಗದ ಸಂಜೆ ತಲುಪುವಷ್ಟರಲ್ಲಿ ಗರ್ಭಪಾತದ ಮಾತ್ರೆ ಕೊಟ್ಟಾಗಿರಬಹುದು.

ಅನುಮಾನ ಉಳಿದಿದ್ದರೆ "ಅನುಮಾನವಿದೆ" ಅಂತಲೇ ಬರೆದು, ಕೆಲವೇ ದಿನಗಳಲ್ಲಿ ಮತ್ತೊಮ್ಮೆ ಟಿವಿಎಸ್ ಮಾಡಿ, ಅನುಭವ ಇರುವವರಿಗೆ ತೋರಿಸಿ. ಟಿವಿಎಸ್ ಒಳ್ಳೆಯ ಸಾಧನವೇ, ಪ್ರಕಟವಾದ ಪ್ರಕರಣಗಳ ಒಂದು ವಿಮರ್ಶೆಯಲ್ಲಿ ಶೇ. 84.6ರಷ್ಟು ಸಲ ಅದೇ ಹಿಡಿದಿತ್ತು. ಉಳಿದವು ತಪ್ಪಿದ್ದವು ಎನ್ನುವುದೂ ಅದರೊಳಗೇ ಇದೆ. ಮೂತ್ರಕೋಶಕ್ಕೆ ಇಳಿದಿದೆಯಾ ಎಂಬ ಗೊಂದಲಕ್ಕೆ ಎಂಆರ್‌ಐ ಸಹಾಯ ಮಾಡುತ್ತದೆ. ಎಲ್ಲರಿಗೂ ಅದು ಬೇಕಿಲ್ಲ. ಹೊಟ್ಟೆಯಲ್ಲಿ ರಕ್ತ ಕಂಡರೆ, ಬಿಪಿ ಇಳಿದಿದ್ದರೆ ಅಳತೆಗಳನ್ನೆಲ್ಲ ಬಿಟ್ಟು ಮೊದಲು ಆಪರೇಷನ್ ಸೌಲಭ್ಯ ಇರುವ ಕಡೆ ಕಳಿಸಿ.

ಚಿಕಿತ್ಸೆಯ ವಿಷಯ ದೊಡ್ಡದು, ಇಲ್ಲಿ ಚಿಕ್ಕದಾಗಿ ಮಾತ್ರ. ಸ್ಕ್ಯಾನ್ ನೋಡುತ್ತಾ ಸಕ್ಷನ್ (ಹೀರಿ ತೆಗೆಯುವುದು), ಸ್ಯಾಕಿನೊಳಗೇ ಮೆಥೋಟ್ರೆಕ್ಸೇಟ್ (ಗರ್ಭದ ಬೆಳವಣಿಗೆ ನಿಲ್ಲಿಸುವ ಔಷಧ), ಕಲೆಯ ಭಾಗವನ್ನೇ ಕತ್ತರಿಸಿ ತೆಗೆಯುವ ಆಪರೇಷನ್ ಇವೆಲ್ಲ ದಾರಿಗಳಿವೆ. ಮೆಥೋಟ್ರೆಕ್ಸೇಟ್ ಇಂಜೆಕ್ಷನ್ ಒಂದನ್ನೇ ಮೈಗೆ ಕೊಟ್ಟು ಕಾಯುವುದನ್ನು ಅಮೆರಿಕದ ತಾಯಿ-ಭ್ರೂಣ ವೈದ್ಯಕೀಯ ಸಂಘದ ಮಾರ್ಗಸೂಚಿ ಒಪ್ಪುವುದಿಲ್ಲ, ಚೂಪು ಕ್ಯುರೆಟ್ ಒಂದನ್ನೇ ಬಳಸುವುದನ್ನೂ ಒಪ್ಪುವುದಿಲ್ಲ. ಗರ್ಭ ಮುಂದುವರಿಸುವವರಿಗೆ 34 ವಾರದಿಂದ 35 ವಾರ 6 ದಿನದೊಳಗೆ ಸಿಸೇರಿಯನ್ ಆಗಬೇಕು ಅನ್ನುತ್ತದೆ.

ಸಿಸೇರಿಯನ್ ಆಗಿರುವ ಹೆಣ್ಣುಮಕ್ಕಳಿಗೆ

ಹೆದರುವ ಅಗತ್ಯ ಇಲ್ಲ. ಬಹುಪಾಲು ಎಲ್ಲರ ಮುಂದಿನ ಗರ್ಭ ಸರಿಯಾದ ಜಾಗದಲ್ಲೇ ಕೂರುತ್ತದೆ. ಆದರೆ ಟೆಸ್ಟ್‌ನಲ್ಲಿ ಎರಡು ಗೆರೆ ಬಂದ ಮೇಲೆ ಮೂರು ತಿಂಗಳು ಆಗಲಿ ಅಂತ ಕಾಯಬೇಡಿ. ಕೊನೇ ಮುಟ್ಟಿನಿಂದ ಎಣಿಸಿ 6–7 ವಾರಕ್ಕೆ ಒಂದು ಸ್ಕ್ಯಾನ್ ಮಾಡಿಸಿ. ಸ್ಕ್ಯಾನ್ ಮಾಡುವವರು ಕೇಳದಿದ್ದರೂ "ನನಗೆ ಸಿಸೇರಿಯನ್ ಆಗಿದೆ, ಹೊಲಿಗೆ ಜಾಗ ನೋಡಿ" ಅಂತ ನೀವೇ ಹೇಳಿ. ಸಂಕೋಚ ಬೇಡ. ಹಿಂದಿನ ಹೆರಿಗೆಯ ಡಿಸ್ಚಾರ್ಜ್ ಪತ್ರ ಜೊತೆಗಿರಲಿ.

ಗರ್ಭ ಬೇಡ ಅಂತ ತೀರ್ಮಾನಿಸಿದ್ದರೂ ಸ್ಕ್ಯಾನ್ ಇಲ್ಲದೆ ಮಾತ್ರೆ ನುಂಗಬೇಡಿ. ಈ ಸಲಹೆ ಸಿಸೇರಿಯನ್ ಆದವರಿಗೆ ಎರಡು ಪಟ್ಟು ಅನ್ವಯಿಸುತ್ತದೆ. ರಕ್ತ ಜೋರಾಗಿ ಹೋದರೆ, ತಲೆ ಸುತ್ತಿದರೆ, ಹೊಟ್ಟೆಯಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು ಬಂದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ಒಮ್ಮೆ ಹೊಲಿಗೆಯಲ್ಲಿ ಗರ್ಭ ನಿಂತಿದ್ದವರಿಗೆ ಮತ್ತೆ ಹಾಗಾಗುವ ಸಾಧ್ಯತೆ ಇದೆ. ಅಂಥವರು ಮುಂದಿನ ಬಸಿರಿಗೆ ಮೊದಲೇ ವೈದ್ಯರ ಜೊತೆ ಮಾತಾಡಿ, ಕಲೆಯ ಗುಳಿ ಎಷ್ಟಿದೆ ಅಂತ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು. ಅಲ್ಲಿಯವರೆಗೆ ಬಸಿರಾಗದಂತೆ ಯಾವ ವಿಧಾನ ಬಳಸಬೇಕು ಅಂತಲೂ ಅದೇ ಭೇಟಿಯಲ್ಲಿ ಕೇಳಿಕೊಳ್ಳಿ.